ಹಕ್ಕೇ ಇಲ್ಲ ಅನ್ನುವವರಿಗೆ ನಿಮ್ಮ ಸಹಿ ಯಾಕೆ ಬೇಕು?

ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳು, ಅವರ ತವರಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮಕ್ಕನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅಕ್ಕನ ಮಾವ ತಮ್ಮ ಸ್ವಂತ ದುಡಿಮೆಯ ಮನೆಯನ್ನು ಇಬ್ಬರು ಗಂಡುಮಕ್ಕಳಿಗೆ ದಾನಪತ್ರ ಬರೆದು ರಿಜಿಸ್ಟರ್ ಮಾಡಿಸಿದ್ದರು. ‘ನಾನು ಬದುಕಿರುವವರೆಗೆ ನಾನೇ ಅನುಭವಿಸಿಕೊಂಡಿದ್ದು, ನನ್ನ ನಂತರ ನೀವಿಬ್ಬರೂ ಸಮಪಾಲಾಗಿ ಅನುಭವಿಸತಕ್ಕದ್ದು’ ಅಂತ ಅದರಲ್ಲಿತ್ತು. ಇಬ್ಬರೂ ಒಪ್ಪಿ ಸಹಿ ಹಾಕಿದ್ದರು. ಅತ್ತೆ ತೀರಿಕೊಂಡರು. ಆಮೇಲೆ ಭಾವ ಹೃದಯಾಘಾತದಿಂದ ಹೋದರು. ಕೊನೆಗೆ ಮಾವ.

ಮಾವನ ಕಾರ್ಯ ಮುಗಿದ ಸ್ವಲ್ಪ ದಿನಕ್ಕೇ ಭಾವನ ಅಣ್ಣ ಅಕ್ಕನನ್ನು ಕರೆದು ಕೂರಿಸಿದರು. ‘ನೋಡಮ್ಮ, ಅಪ್ಪ ಇರುವಾಗಲೇ ಅವನು ಹೋದ. ಆಸ್ತಿ ಅವನ ಕೈಗೆ ಬರಲೇ ಇಲ್ಲ. ಅವನಿಗೇ ಬರದಿದ್ದದ್ದು ನಿನಗೆ ಹೇಗೆ ಬರುತ್ತೆ? ಆದರೂ ಮಗಳ ಓದಿಗೆ ಅಂತ ಒಂದಿಷ್ಟು ಕೊಡ್ತೀನಿ.’ ಪಕ್ಕದಲ್ಲಿ ಕೂತಿದ್ದ ಪತ್ರ ಬರಹಗಾರರು ‘ಕಾನೂನು ಹಾಗೇ ಇರೋದಮ್ಮ’ ಅಂದರು. ನಂಟರ ಪೈಕಿ ಹಿರಿಯರೊಬ್ಬರು ‘ದೊಡ್ಡವನು ಮೋಸ ಮಾಡ್ತಾನಾ?’ ಅಂದರು. ಅಕ್ಕ ನಂಬಿ ಸಹಿ ಹಾಕಿದಳು.

ಆ ಹಕ್ಕು ಬಿಡುಗಡೆ ಪತ್ರವನ್ನು ಆಮೇಲೆ ನಾನು ನೋಡಿದೆ. ‘ನನಗೂ ನನ್ನ ಅಪ್ರಾಪ್ತ ಮಗಳಿಗೂ ಇರುವ ಸಕಲ ಹಕ್ಕುಗಳನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ’ ಅಂತ ಬರೆದಿದೆ. ಇಲ್ಲದ ಹಕ್ಕನ್ನು ಬಿಟ್ಟುಕೊಡುವುದು ಹೇಗೆ? ಅಕ್ಕನ ಪಾಲು ಇಲ್ಲದಿದ್ದರೆ ಆ ಪತ್ರವೇ ಬೇಕಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋಗುವ ಅಗತ್ಯವೂ ಇರಲಿಲ್ಲ.

ಕಾನೂನು ಹೇಳುವುದು ಪೂರ್ತಿ ಉಲ್ಟಾ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ವೆಸ್ಟೆಡ್ ಇಂಟರೆಸ್ಟ್ ಅಂತ ಒಂದು ಮಾತಿದೆ. ಪತ್ರವಾದ ಕ್ಷಣವೇ ಹಕ್ಕು ಹುಟ್ಟುತ್ತದೆ, ಸ್ವಾಧೀನ ಮಾತ್ರ ಆಮೇಲೆ ಸಿಗುತ್ತದೆ. ಸ್ವಾಧೀನ ಸಿಗುವ ಮೊದಲೇ ಆ ವ್ಯಕ್ತಿ ತೀರಿಕೊಂಡರೂ ಹಕ್ಕು ಸಾಯುವುದಿಲ್ಲ, ವಾರಸುದಾರರಿಗೆ ಹೋಗುತ್ತದೆ. ಮಾವ ಸಾಯುವುದು ಖಚಿತವಾದ ಸಂಗತಿ ತಾನೇ? ಅದಕ್ಕೆ ಕಾಯಬೇಕು ಅಂದ ಮಾತ್ರಕ್ಕೆ ಹಕ್ಕು ಅನಿಶ್ಚಿತ ಆಗುವುದಿಲ್ಲ. ‘ಮಗ ಸಾಲ ತೀರಿಸಿದರೆ ಮಾತ್ರ ಮನೆ ಅವನದು’ ಅಂತ ಬರೆದಿದ್ದರೆ ಮಾತು ಬೇರೆ. ಅದು ಆಗಬಹುದು, ಆಗದೆಯೂ ಇರಬಹುದು. ಅಂಥದ್ದು ಅನಿಶ್ಚಿತ ಹಕ್ಕಿನ ಬಗ್ಗೆ ಇರುವ 21ನೇ ಸೆಕ್ಷನ್‌ಗೆ ಬರುತ್ತದೆ. ದಾನ ಕೊಟ್ಟವರು ಬದುಕಿರುವವರೆಗೆ ಅನುಭವದ ಹಕ್ಕು ಇಟ್ಟುಕೊಂಡರೂ ದಾನಪತ್ರ ಊರ್ಜಿತ ಅಂತ ರೇಣಿಕುಂಟ್ಲ ರಾಜಮ್ಮ ಪ್ರಕರಣದಲ್ಲಿ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಅಂದರೆ ಭಾವನ ಅರ್ಧ ಪಾಲು ಅಕ್ಕನಿಗೂ ಮಗಳಿಗೂ ಸಮನಾಗಿ ಬರಬೇಕಿತ್ತು. (ಅತ್ತೆ ಬದುಕಿದ್ದಿದ್ದರೆ ಅವರಿಗೂ ಒಂದು ಪಾಲು.) ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆ ಪ್ರಕಾರ ಮಗುವಿನ ಹೆಸರಿಗೆ ಬಂದ ಸ್ಥಿರಾಸ್ತಿಯನ್ನು ಕೋರ್ಟ್ ಅನುಮತಿ ಇಲ್ಲದೆ ಹೆತ್ತ ತಾಯಿಯೂ ಪರಭಾರೆ ಮಾಡುವಂತಿಲ್ಲ.

ವೆಸ್ಟೆಡ್ ಇಂಟರೆಸ್ಟ್ ಅನ್ನುವ ಮಾತಿಗೇ ಪಟ್ಟಭದ್ರ ಹಿತಾಸಕ್ತಿ ಅಂತ ಇನ್ನೊಂದು ಅರ್ಥವೂ ಇದೆ. ಹಾಗಂದರೆ ಗಣಿ ದಣಿಗಳು, ರಾಜಕಾರಣಿಗಳು ಅಂತಲೇ ನಮ್ಮ ತಲೆಯಲ್ಲಿ. ಅವತ್ತು ಅಕ್ಕನ ಸುತ್ತ ಕೂತಿದ್ದವರನ್ನು ನೋಡಿ. ಬಿಲ್ಡರ್ ಜೊತೆ ಭಾವನ ಅಣ್ಣನ ಮಾತುಕತೆ ಆಗಲೇ ಮುಗಿದಿತ್ತು. ಪತ್ರ ಬರಹಗಾರರನ್ನು ಕರೆಸಿ ಫೀಸು ಕೊಟ್ಟವರು ಅವರೇ. ಆ ಹಿರಿಯರ ಮಗನೇ ವ್ಯವಹಾರಕ್ಕೆ ಬ್ರೋಕರ್. ಅಕ್ಕ ಸಹಿ ಹಾಕದೆ ಎದ್ದು ಹೋಗಿದ್ದರೆ ಎಲ್ಲರಿಗೂ ನಷ್ಟ. ಆ ಹಿರಿಯರು ಕೆಟ್ಟವರೇನಲ್ಲ, ತಾವು ನ್ಯಾಯವನ್ನೇ ಹೇಳುತ್ತಿದ್ದೇವೆ ಅಂತ ನಂಬಿದ್ದರು. ನನಗೆ ಜಾಸ್ತಿ ಭಯ ಆಗುವುದು ಇದಕ್ಕೇ. ಲಾಭ ಇರುವ ಕಡೆಗೆ ಮನಸ್ಸು ತಾನಾಗಿಯೇ ವಾಲುತ್ತದೆ, ವಾಲಿದ್ದು ಅವರಿಗೂ ತಿಳಿಯುವುದಿಲ್ಲ.

ಕೋರ್ಟುಗಳಿಗೆ ಇದು ಚೆನ್ನಾಗಿ ಗೊತ್ತು. 1969ರ ಕ್ರೈಪಾಕ್ ಪ್ರಕರಣದಲ್ಲಿ ಅರಣ್ಯ ಸೇವೆಯ ಆಯ್ಕೆ ಮಂಡಳಿಯಲ್ಲಿದ್ದ ಅಧಿಕಾರಿ ತಾವೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಮಂಡಳಿಯಲ್ಲಿ ಕೂತಿರಲಿಲ್ಲ. ಆದರೂ ಸುಪ್ರೀಂ ಕೋರ್ಟ್ ಆಯ್ಕೆಯನ್ನೇ ರದ್ದು ಮಾಡಿತು.

ಆದ್ದರಿಂದ ಯಾರಾದರೂ ‘ಸುಮ್ನೆ ಒಂದು ಸಹಿ’ ಅಂದರೆ ಮೊದಲು ಪತ್ರದ ಪ್ರತಿ ಮನೆಗೆ ತನ್ನಿ. ಆ ಆಸ್ತಿಯಿಂದ ಐದು ಪೈಸೆಯೂ ಬರದ ವಕೀಲರಿಗೆ ತೋರಿಸಿ. ಮೂಲ ದಾನಪತ್ರದ ನಕಲನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನೀವೇ ತೆಗೆಸಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಿಗುತ್ತದೆ. ಅಕ್ಕನ ಕೇಸು ಈಗ ನಡೆಯುತ್ತಿರುವುದೂ ಅಲ್ಲಿಂದ ಸಿಕ್ಕ ವಕೀಲರ ಮೂಲಕವೇ.

ಈಗಾಗಲೇ ಸಹಿ ಹಾಕಿದ್ದರೂ ಕೈ ಚೆಲ್ಲಬೇಡಿ. ಮೋಸ ಆಗಿದೆ ಅಂತ ಗೊತ್ತಾದ ದಿನದಿಂದ 3 ವರ್ಷದೊಳಗೆ ಪತ್ರ ರದ್ದು ಮಾಡಿಸಲು ದಾವೆ ಹಾಕಬಹುದು. ಮಗುವಿನ ಪಾಲನ್ನು ಪಾಲಕರು ಬಿಟ್ಟುಕೊಟ್ಟಿದ್ದರೆ, 18 ತುಂಬಿದ ಮೇಲೆ 3 ವರ್ಷದೊಳಗೆ ಆ ಮಗುವೇ ಪ್ರಶ್ನಿಸಬಹುದು. ಹಾಗಂತ ಕಾಯುತ್ತಾ ಕೂರಬೇಡಿ, ಅಷ್ಟರಲ್ಲಿ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದಿರುತ್ತದೆ.