ಮೂಳೆ ಟೊಳ್ಳಾಗದಿರಲು ವಾಕಿಂಗಾ, ಭಾರ ಎತ್ತುವುದಾ?

ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ನಾಲ್ಕು ಸುತ್ತು ಹಾಕಿದರೆ ಮೂಳೆ ಗಟ್ಟಿಯಾಗುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಅರ್ಧ ನಿಜ. ನಡಿಗೆ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಖರ್ಚೂ ಇಲ್ಲ. ಆದರೆ ದಿನಾ ಅದೇ ಭಾರ, ಅದೇ ವೇಗವಾದರೆ ಮೂಳೆಗೆ ಹೊಸ ಕೆಲಸ ಸಿಗುವುದಿಲ್ಲ. ಇರುವುದನ್ನು ಸ್ವಲ್ಪ ಉಳಿಸಿಕೊಳ್ಳಬಹುದು, ಅಷ್ಟೇ. ಈಜು ಇನ್ನೂ ಹಿಂದೆ. ಮೈಭಾರವನ್ನು ನೀರೇ ಹೊರುತ್ತದೆ ಅಲ್ವಾ?

ಭಾರ ಎತ್ತುವುದು ಬೇರೆಯೇ ಲೆಕ್ಕ. ಸ್ನಾಯು ಎಳೆದಾಗ ಮೂಳೆ ಕಟ್ಟುವ ಜೀವಕೋಶಗಳು ಚುರುಕಾಗುತ್ತವೆ. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ, ಮುಟ್ಟು ನಿಂತ, ಮೂಳೆ ತೆಳುವಾದ ಹೆಂಗಸರು ವಾರಕ್ಕೆ 2 ಸಲ, 30 ನಿಮಿಷದಂತೆ 8 ತಿಂಗಳು ಜಾಸ್ತಿ ಭಾರ ಎತ್ತಿದರು. ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಸುಮಾರು 3% ಏರಿತು. ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರದ್ದು ಇಳಿಯಿತು. ಆದರೆ ಭಾರ ಎತ್ತುವಾಗ ಪಕ್ಕದಲ್ಲಿ ತಿಳಿದವರು ನಿಂತಿದ್ದರು. ಯೂಟ್ಯೂಬ್ ನೋಡಿ ಸುಮ್ನೆ ಅಕ್ಕಿ ಮೂಟೆಗೆ ಕೈ ಹಾಕಬೇಡಿ!

ಯೋಗ? ಬೀಳದಂತೆ ಸಮತೋಲನ ಕಲಿಯಲು ಗೋಡೆ ಪಕ್ಕ ವೃಕ್ಷಾಸನ ಮಾಡಬಹುದು. ಆದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ, ಅಂದರೆ ಮೂಳೆ ಟೊಳ್ಳಾಗಿದ್ದರೆ, ಪಶ್ಚಿಮೋತ್ತಾನಾಸನದಂತೆ ಪೂರ್ತಿ ಮುಂದೆ ಬಾಗುವುದು ಬೇಡ. ಬೆನ್ನುಮೂಳೆ ಕುಸಿಯಬಹುದು.

ನನ್ನನ್ನು ಕೇಳಿದರೆ, ಮೂಳೆ ಇನ್ನೂ ಗಟ್ಟಿ ಇರುವವರು ಭಾರಕ್ಕೆ ಮೊದಲ ಜಾಗ ಕೊಡಲಿ, ಪಾರ್ಕಿಗೆ ಎರಡನೆಯದು. ಈಗಾಗಲೇ ಮೂಳೆ ಮುರಿದವರು ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿಕೊಂಡು, ಕುರ್ಚಿಯಿಂದ ಕೈ ಊರದೆ ಏಳುವುದರಿಂದ ಶುರು ಮಾಡಲಿ. ಡಾಕ್ಟರು ಬರೆದ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ.