‘ಟೇಕ್’ಗೆ ಸ್ಪ್ಯಾನಿಷ್‌ನಲ್ಲಿ ಯಾವ ಪದ? ನನ್ನ ಓಟು ತೊಮಾರ್‌ಗೆ

ಇಂಗ್ಲಿಷಿನ ‘ಟೇಕ್’ಗೆ ಸ್ಪ್ಯಾನಿಷ್‌ನಲ್ಲಿ ಒಂದೇ ಪದ ಕಲಿಯಲು ಪುರುಸೊತ್ತಿದ್ದರೆ ತೊಮಾರ್ ಕಲಿಯಿರಿ. ಕೊಹೆರ್ ಬೇಡ.

ನಾನು ಕೆಲಸದ ಮೇಲೆ ಮೆಕ್ಸಿಕೋದ ಗ್ವಾದಲಹಾರಕ್ಕೆ ಹೋಗುವ ಮುಂಚೆ ಅವೆನ್ಯೂ ರಸ್ತೆಯಲ್ಲಿ 150 ರೂಪಾಯಿಗೆ ಸ್ಪ್ಯಾನಿಷ್ ಕಲಿಯುವ ಒಂದು ಹಳೇ ಪುಸ್ತಕ ಕೊಂಡಿದ್ದೆ. ಸ್ಪೇನ್‌ನಲ್ಲಿ ಅಚ್ಚಾದದ್ದು. ಅದರಲ್ಲಿ ‘ಟೇಕ್’ ಎದುರಿಗೆ ಮೊದಲ ಪದವೇ ಕೊಹೆರ್. ಕೊಹೆರ್ ಅಂದರೆ ಹಿಡಿಯುವುದು, ನಾವೂ ‘ಬಸ್ ಹಿಡಿ’ ಅಂತೀವಲ್ಲ, ಸರಿಯಾಗಿ ಕೂರುತ್ತದೆ ಅಂದುಕೊಂಡೆ. ಮೊದಲ ವಾರವೇ ಆಫೀಸಿನ ರಿಸೆಪ್ಷನ್‌ನಲ್ಲಿದ್ದ ವಯಸ್ಸಾದ ಹೆಂಗಸಿನ ಹತ್ತಿರ ಬಸ್ ಎಲ್ಲಿ ಹಿಡಿಯಬೇಕು ಅಂತ ಕೊಹೆರ್ ಹಾಕಿ ಕೇಳಿದೆ. ಬರೆಯುತ್ತಿದ್ದ ಪೆನ್ನು ನಿಂತಿತು. ಅವರು ತಲೆ ತಗ್ಗಿಸಿ ರಿಜಿಸ್ಟರ್ ನೋಡತೊಡಗಿದರು. ಸಹೋದ್ಯೋಗಿಯೊಬ್ಬ ಹೊರಗೆ ಕರೆದುಕೊಂಡು ಹೋಗಿ ಹೇಳಿದ: ಇಲ್ಲಿ ಅದಕ್ಕೆ ಸಂಭೋಗ ಅನ್ನುವ ಅರ್ಥ, ಅದೂ ಒರಟು ಮಾತಿನಲ್ಲಿ.

ಅರ್ಜೆಂಟೀನಾದಲ್ಲೂ ಹಾಗೇ. ಆದರೆ ಮ್ಯಾಡ್ರಿಡ್‌ನಲ್ಲಿ ಬಸ್ಸಿಗೆ, ಮೆಟ್ರೋಗೆ, ಫೋನ್ ಎತ್ತುವುದಕ್ಕೆ ಎಲ್ಲರೂ ದಿನವಿಡೀ ಅದನ್ನೇ ಬಳಸುತ್ತಾರೆ. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ, ನನಗೆ ಈಗಲೂ ಸಿಟ್ಟಿದೆ. ಮಾರನೇ ದಿನ ಕ್ಷಮೆ ಕೇಳಿದಾಗ ಆಕೆಯೇ ಚೀಟಿಯಲ್ಲಿ ಬರೆದುಕೊಟ್ಟರು: ‘ದೋಂದೆ ತೊಮೊ ಎಲ್ ಕಮಿಯೋನ್?’ ಅಂದರೆ ‘ಬಸ್ ಎಲ್ಲಿ ಹಿಡೀಲಿ?’, ತೊಮಾರ್ ಹಾಕಿ. ಬಸ್ಸಿಗೆ ಅಲ್ಲಿ ಕಮಿಯೋನ್ ಅಂತಾರೆ, ಸ್ಪೇನ್‌ನಲ್ಲಿ ಅದು ಲಾರಿ.

ತೊಮಾರ್ ಎರಡೂ ಕಡೆ ನಡೆಯುತ್ತದೆ. ನಮ್ಮ ‘ತಗೊಳ್ಳು’ ಇದ್ದ ಹಾಗೇ: ಕಾಫಿ ತಗೊಳ್ಳಿ, ಮಾತ್ರೆ ತಗೊಳ್ಳಿ. ಸುಮ್ನೆ ‘ತೊಮಾಸ್?’ ಅಂತ ಯಾರಾದರೂ ಕೇಳಿದರೆ ಮಾತ್ರ ಎಣ್ಣೆ ಹಾಕ್ತೀಯಾ ಅಂತಲೂ ಇರಬಹುದು. ನಮ್ಮಲ್ಲೂ ‘ತಗೋತೀರಾ?’ ಅಂದರೆ ಅದೇ ಅಲ್ವಾ.

ಯೆವಾರ್ ಅಂದರೆ ತಗೊಂಡು ಹೋಗು. ಹೋಟೆಲಿನಲ್ಲಿ ಪಾರ್ಸೆಲ್ ಬೇಕಿದ್ದರೆ ‘ಪಾರಾ ಯೆವಾರ್’, ಅಷ್ಟೇ.

ಫೋಟೋಗೆ ಸಕಾರ್ ಚೆನ್ನಾಗಿದೆ. ಹೊರಗೆ ತೆಗೆ ಅಂತ ಅದರ ಅರ್ಥ, ನಾವೂ ಫೋಟೋ ‘ತೆಗೆಯುತ್ತೇವೆ’. ಇಂಗ್ಲಿಷ್ ಬಿಟ್ಟು ಕನ್ನಡದಿಂದಲೇ ಹೋದರೆ ಎಷ್ಟೋ ಸಲ ದಾರಿ ಹತ್ತಿರ.

ಅಗರ್ರಾರ್ ಅನ್ನುವುದನ್ನೂ ಬಸ್ಸಿಗೆ ಬಳಸುತ್ತಾರೆ, ನನ್ನ ನಾಲಿಗೆಗೆ ಅದು ಹತ್ತಲಿಲ್ಲ.

ಸ್ಪೇನ್‌ಗೆ ಮಾತ್ರ ಹೋಗುವವರಿಗೆ ಕೊಹೆರ್ ತೊಂದರೆಯಿಲ್ಲ. ನನಗೆ ಫೋನ್ ಕರೆಯಲ್ಲಿ ಯಾವ ದೇಶದವರು ಸಿಗುತ್ತಾರೋ ಗೊತ್ತಿರುವುದಿಲ್ಲ, ಹಾಗಾಗಿ ಎಲ್ಲರಿಗೂ ತೊಮಾರ್. ತಿಂಗಳು ತಿಂಗಳು ದುಡ್ಡು ಕಟ್ಟಿ ಭಾಷೆ ಕಲಿಯುವ ಆಪ್ ನನ್ನ ಬಜೆಟ್‌ಗೆ ಜಾಸ್ತಿ ಆಯಿತು. ಹಳೇ ಪುಸ್ತಕವೇ ಸಾಕು, ಆಕೆ ಕೊಟ್ಟ ಚೀಟಿಯನ್ನು ಕೊಹೆರ್ ಇರುವ ಪುಟಕ್ಕೇ ಅಂಟಿಸಿಕೊಂಡಿದ್ದೇನೆ.