ಕಂಚಿನ ಪ್ರತಿಮೆ, ತಮಾಷೆ ಚಿತ್ರ: ವಾಟರ್‌ಕಲರ್ ಪೆನ್ಸಿಲ್‌ನ ಮೂರು ವಿಧಾನಗಳು

ಕುದುರೆ ಏರಿದ ಕಂಚಿನ ವೀರನನ್ನು ತಮಾಷೆಯಾಗಿ ಬರೆಯುವಾಗ ನಗು ಹುಟ್ಟುವುದು ರೇಖೆಯಲ್ಲಿ. ಸವಾರನ ಮೈಯಲ್ಲಿ ಮೂರನೇ ಒಂದು ಪಾಲು ತಲೆಯೇ, ಕುದುರೆಗೆ ಮೋಟುಗಾಲು, ಕಿರೀಟದ ಮೇಲೆ ಮುಖದಷ್ಟೇ ದಪ್ಪ ಪಾರಿವಾಳ. ಲೋಹದ ಛಾಯೆ ಮಾತ್ರ ಗಂಭೀರವಾಗಿಯೇ ಇರಬೇಕು. ಅದೂ ಸಡಿಲವಾದರೆ ಪ್ರತಿಮೆ ಹೋಗಿ ಬೊಂಬೆ ಉಳಿಯುತ್ತದೆ. ವಾಟರ್‌ಕಲರ್ ಪೆನ್ಸಿಲ್ ಅಂದರೆ ಗೀರು ನೀರಿಗೆ ಕರಗುವ ಬಣ್ಣದ ಪೆನ್ಸಿಲ್. ಅದರ ಮೂರು ವಿಧಾನಗಳನ್ನೂ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕೋಲ್ಡ್ ಪ್ರೆಸ್, ಅಂದರೆ ತುಸು ಒರಟು ಮೈಯ ದಪ್ಪ ಕಾಗದದ ಮೇಲೇ ಹೋಲಿಸಿದ್ದು.

ಒಣ ಗೀರು ಹಾಕಿ ಆಮೇಲೆ ಒದ್ದೆ ಬ್ರಷ್ ಆಡಿಸುವುದು ಎಲ್ಲರಿಗೂ ಗೊತ್ತಿರುವ ದಾರಿ. ಕಲ್ಲಿನ ಪೀಠಕ್ಕೆ ಇದೇ ಸರಿ: ಒತ್ತಿ ಎಳೆದ ಗೀರು ಪೂರ್ತಿ ಕರಗುವುದಿಲ್ಲ, ಉಳಿದ ಒರಟು ಕಲ್ಲಿನ ಹರಳಿನಂತೆಯೇ ಕಾಣುತ್ತದೆ. ಅದೇ ಒರಟು ಸವಾರನ ಕೆನ್ನೆಯ ಮೇಲೆ ಬಂದರೆ ಕಂಚು ಉಣ್ಣೆಯಾಗುತ್ತದೆ.

ಮೈಗೆ ಪೆನ್ಸಿಲ್ ತುದಿಯಿಂದಲೇ ಒದ್ದೆ ಬ್ರಷ್‌ಗೆ ಬಣ್ಣ ಎತ್ತಿಕೊಳ್ಳುವುದು ಮೇಲು. ನಿಧಾನದ ಕೆಲಸ, ಆದರೆ ವಾಶ್ (ನೀರು ಬೆರೆತ ತೆಳು ಬಣ್ಣದ ಪದರ) ನುಣುಪು. 6ನೇ ನಂಬರಿನ ದುಂಡು ಬ್ರಷ್ ಸಾಕು. ಮೊದಲು ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾ ತೆಳುವಾಗಿ. ಒಣಗಿದ ಮೇಲೆ ನೆರಳಿಗೆ ಕಡುನೀಲಿ ಇಂಡಿಗೊ. ಕೊನೆಗೆ ಮಳೆನೀರು ಇಳಿಯುವ ಜಾಡುಗಳಲ್ಲಿ, ಅಂದರೆ ಗಲ್ಲ, ಮೊಣಕೈ, ಕುದುರೆಯ ಹೊಟ್ಟೆಯ ಅಂಚಿನಲ್ಲಿ, ಟರ್ಕಾಯ್ಸ್ ಹಸಿರಿನ ಕಿಲುಬು. ಮೂಗಿನ ತುದಿಯ ಹೊಳಪಿಗೆ ಕಾಗದದ ಬಿಳಿಯನ್ನೇ ಬಿಡಿ. ಪದರ ಒಣಗುವ ಮುನ್ನ ಇನ್ನೊಂದು ಹಾಕಿದರೆ ಮೂರೂ ಕಲೆತು ಕೆಸರು ಬಣ್ಣ.

ತುದಿಯನ್ನು ನೀರಿನಲ್ಲಿ ಅದ್ದಿ ಬರೆದರೆ ಗೆರೆ ಕಡು, ದಪ್ಪ. ಹುಬ್ಬು, ಮೀಸೆಗೆ ಸೊಗಸು. ಆದರೆ ನೆನೆದ ಸೀಸ ಮೆತ್ತಗಾಗಿ ಬೇಗ ಸವೆಯುತ್ತದೆ, ಉದ್ದ ಗೆರೆಯ ಕೊನೆಗೆ ಬಣ್ಣ ಮಂಕಾಗುತ್ತದೆ. ತಿದ್ದುವ ಅವಕಾಶವೂ ಇಲ್ಲವೆಂದೇ ಹೇಳಬೇಕು.

ಹೊರರೇಖೆಗೆ ಸಾಮಾನ್ಯ ವಾಟರ್‌ಕಲರ್ ಪೆನ್ಸಿಲ್ ಬಳಸಿದರೆ ಮೇಲಿನ ವಾಶ್ ಅದನ್ನು ಮತ್ತೆ ಕರಗಿಸಿ ಎಳೆದೊಯ್ಯಬಹುದು. ಇಂಕ್‌ಟೆನ್ಸ್ (ಡರ್ವೆಂಟ್ ಕಂಪನಿಯ, ಶಾಯಿಯಂಥ ಬಣ್ಣದ ಪೆನ್ಸಿಲ್) ಇಲ್ಲಿ ಗೆಲ್ಲುತ್ತದೆ: ಗೆರೆಯನ್ನು ಪೂರ್ತಿ ಒದ್ದೆ ಮಾಡಿ ಒಣಗಲು ಬಿಟ್ಟರೆ ಮುಂದಿನ ನೀರಿಗೆ ಅದು ಕದಲುವುದಿಲ್ಲ. ನೀರು ತಾಗದೆ ಉಳಿದ ಭಾಗ ಮಾತ್ರ ಆಮೇಲೆ ಹರಡುತ್ತದೆ, ಅದಕ್ಕೇ ತೆಳು ಬ್ರಷ್‌ನಿಂದ ಗೆರೆಯುದ್ದಕ್ಕೂ ಒಮ್ಮೆ ಹೋಗಬೇಕು. ಹಾಗೆಂದು ನೆರಳಿಗೂ ಅದನ್ನೇ ಹಿಡಿಯಬೇಡಿ. ಒಣಗಿದ ಮೇಲೆ ಬಣ್ಣ ಎತ್ತಿ ಹೊಳಪು ತೆಗೆಯಲಾಗದು. ಕರಡು ಗೆರೆಗೆ ಎಚ್‌ಬಿ ಪೆನ್ಸಿಲ್ ಹಿಡಿದಿದ್ದರೆ, ನೀರು ಹಾಕುವ ಮೊದಲೇ ನೀಡೆಡ್ ರಬ್ಬರ್ (ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರ್) ಒತ್ತಿ ಮಸುಕಾಗಿಸಿ. ಬಣ್ಣದಡಿ ಸೇರಿದ ಗ್ರಾಫೈಟ್ ಆಮೇಲೆ ಸುಲಭವಾಗಿ ಅಳಿಯುವುದಿಲ್ಲ.